ಗೋಧಿ ಹೆಣ್ಣು, ರೈ ಗಂಡು, ನಡುವೆ ನಾನು

ಜನ ನನ್ನನ್ನು ಅನುಮಾನದಿಂದ ನೋಡುವುದು ನನಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ನೋಡದಿದ್ದ ದಿನ ನನಗೇ ಏನೋ ಅನುಮಾನ ಬರುತ್ತದೆ.

ಪಟ್ಟಂದೂರು ಅಗ್ರಹಾರದಲ್ಲಿ, ಎರಡು ಪಿಜಿ ಕಟ್ಟಡಗಳ ನಡುವೆ ಉಳಿದುಕೊಂಡ ಒಂದು ತುಂಡು ಹೊಲದಲ್ಲಿ ನಮ್ಮ ಬೀಜದ ಕಂಪನಿಯವರು ಬಲೆ ಹೊದಿಸಿದ ಚಪ್ಪರ ಹಾಕಿದ್ದಾರೆ. ಅದರ ಮೂಲೆಯ ರೂಮೇ ಲ್ಯಾಬು. ಗೋಧಿಗೂ, ರೈ ಎಂಬ ಚಳಿದೇಶದ ಧಾನ್ಯಕ್ಕೂ ಸಂಕರ ಮಾಡಿ ಹೊಸ ಗಿಡ ಹುಟ್ಟಿಸುವುದು ನನ್ನ ಕೆಲಸ. ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿದವರು ಇನ್ನೂ ಜಾಸ್ತಿ ಅನುಮಾನಪಡುತ್ತಾರೆ.

ಕವರಿನೊಳಗೆ ಏನಿದೆ?

ಸಂಕರ ಮಾಡಿದ ತೆನೆಗೆ ಬೇರೆ ಪರಾಗ ಬೀಳದಂತೆ ಕಾಗದದ ಕವರು ಹಾಕಿ ಕಟ್ಟುತ್ತೇವೆ. ಪಿಜಿಯ ಮೇಲಿನ ಮಹಡಿಯಿಂದ ನೋಡಿದ ಯಾರೋ, ಒಳಗೆ ಗಾಂಜಾ ಬೆಳೆಯುತ್ತಿದ್ದಾರೆ ಎಂದು ಫೋನ್ ಮಾಡಿಬಿಟ್ಟರು. ಬೀಟ್ ಪೊಲೀಸರು ಬಂದರು. ನಾನೇ ಒಂದು ಕವರು ಬಿಚ್ಚಿ ತೋರಿಸಿದೆ. ಮೂಸಿ ನೋಡಿದರು, ತಿರುಗಿಸಿ ನೋಡಿದರು.

"ಗೋಧಿನಾ?"

"ಗೋಧಿನೇ ಸಾರ್."

"ಅಂಗಡೀಲಿ ಸಿಗೋ ಗೋಧೀನೇ?"

"ಹೌದು ಸಾರ್."

ಅವರು ಬೀಗ ನೋಡಿದರು, ಬಲೆ ನೋಡಿದರು, ಗೇಟಿನ ಸೆಕ್ಯೂರಿಟಿಯನ್ನು ನೋಡಿದರು. "ಗಾಂಜಾ ಆಗಿದ್ರೆ ಅರ್ಥ ಆಗ್ತಿತ್ತು ಸಾರ್. ಗೋಧಿಗೆ ಇಷ್ಟೆಲ್ಲಾ ಮಾಡ್ತೀರಾ ಅಂದ್ರೆ ಈಗ ನಂಗೆ ನಿಜವಾಗ್ಲೂ ಡೌಟ್ ಬರ್ತಿದೆ" ಎಂದರು.

ಸಂಬಂಧ ಕುದುರಿಸಿದವರು

ಹೊಲದ ಓನರಮ್ಮನಿಗೂ ನೆಮ್ಮದಿ ಇರಲಿಲ್ಲ. ಪಕ್ಕದ ಪಿಜಿ ಅವರದೇ, ನೆಲಮಹಡಿಯಲ್ಲೇ ಅವರ ವಾಸ, ಹಿಂದೆ ಒಂದು ಹಸು. ಒಂದು ದಿನ ಬಂದು ಪಟ್ಟಾಗಿ ಕುಳಿತರು.

"ನಮ್ಮೊಲ್ದಲ್ಲಿ ಏನ್ ಮಾಡ್ತಿದ್ದೀಯ, ಸರ್ಯಾಗೇಳು."

ಅವರಿಗೆ ತಿಳಿಯುವ ಹಾಗೆ ಹೇಳಿದೆ. ಗೋಧಿ ಹೆಣ್ಣು. ಹೂ ಬಿಚ್ಚುವ ಮೊದಲೇ ಚಿಮಟದಲ್ಲಿ ಅದರ ಗಂಡುಭಾಗ ಕಿತ್ತುಹಾಕಿ, ರೈ ಪರಾಗ ಉದುರಿಸುತ್ತೇವೆ.

"ಮಕ್ಳಾಗ್ತವಾ?"

"ಆಗುತ್ತಮ್ಮ. ಆದರೆ ಆ ಮಕ್ಕಳು ಬಂಜೆ. ತೆನೆ ಬರುತ್ತೆ, ಕಾಳು ಕಟ್ಟಲ್ಲ. ಅದಕ್ಕೊಂದು ಔಷಧಿ ಕೊಟ್ಟಿದ್ದೀನಿ. ಕೆಲಸ ಮಾಡಿದ್ರೆ ಎಲ್ಲೋ ಒಂದು ತೆನೆಯಲ್ಲಿ ಕಾಳು ಬರಬಹುದು."

ಬಂದರೆ ಸರಿ. ಈ ಸಲವೂ ಬರದಿದ್ದರೆ ಚಪ್ಪರ ಕಿತ್ತುಹಾಕುವುದಾಗಿ ಹೆಡ್ ಆಫೀಸಿನವರು ಹೇಳಿಬಿಟ್ಟಿದ್ದರು. ಚಪ್ಪರ ಹೋದರೆ ನಾನೂ ಹೋದಂತೆ. ಅದನ್ನೂ ಬಾಯಿಬಿಟ್ಟು ಹೇಳಿದೆ, ಸ್ವಲ್ಪ ಕರುಣೆ ಹುಟ್ಟಲಿ ಎಂದು.

ಅವರು ಕಣ್ಣು ಕಿರಿದು ಮಾಡಿದರು. "ಮಕ್ಳಾಗಲ್ಲ ಅಂತ ಗೊತ್ತಿದ್ದೂ ಸಂಬಂಧ ಮಾಡ್ಸಿದೋನೂ ನೀನೇ, ಈಗ ಔಸ್ದಿ ಕೊಡ್ಸೋನೂ ನೀನೇ. ಎರಡೂ ಕಡೆ ಕಮಿಸನ್ ಏನಪ್ಪಾ?"

ಡಬ್ಬಿ ತಪಾಸಣೆ

ನಮ್ಮ ಸೆಕ್ಯೂರಿಟಿಯವನು ವಿಜಯಪುರದ ಕಡೆಯವನು. ಒಂದು ಕಾಳೂ ಹೊರಗೆ ಹೋಗಕೂಡದು ಎಂದು ಕಂಪನಿ ಅವನಿಗೆ ಹೇಳಿತ್ತು. ಒಳಗೆ ಗುಟ್ಕಾ ಬರಕೂಡದು ಎಂದೂ ಹೇಳಿತ್ತು. ಎರಡನ್ನೂ ಅವನು ವ್ರತದಂತೆ ಹಿಡಿದ. ಒಂದು ಸಂಜೆ ಗೇಟಿನಲ್ಲಿ ನನ್ನ ಊಟದ ಡಬ್ಬಿ ತೆಗೆಸಿದ. ಒಳಗೆ ಉಳಿದ ಅರ್ಧ ಚಪಾತಿ.

"ಸರ, ಇದು ಒಳಗಿನ ಗೋಧಿ ಏನ್ರಿ, ಹೊರಗಿನ ಗೋಧಿ?"

"ಮನೆಯಿಂದ ತಂದಿದ್ದು ಕಣಯ್ಯ!"

"ಹಂಗಂತ ನೀವು ಹೇಳತೀರಿ."

ಬೇಸತ್ತು ಮರುದಿನದಿಂದ ಚಿತ್ರಾನ್ನ ತರಲು ಶುರುಮಾಡಿದೆ. ಅದನ್ನೂ ಅವನು ಚಮಚದಲ್ಲಿ ಕೆದಕಿ ನೋಡಿ, "ಹುಷಾರ್ ಆಗ್ಯಾರ" ಎಂದು ತನ್ನಷ್ಟಕ್ಕೆ ತಲೆಯಾಡಿಸಿದ.

ಸಂಕ್ರಾಂತಿಯ ಕಳ್ಳತನ

ಔಷಧಿ ಕೊಟ್ಟ ಗಿಡಗಳು ತೆನೆ ಬಿಟ್ಟು ಒಣಗಿ ನಿಂತವು. ಕವರು ಬಿಚ್ಚಿ ನೋಡಲು ನನಗೆ ಭಯ. ಹಬ್ಬ ಕಳೆಯಲಿ ಎಂದು ಮುಂದೂಡುತ್ತಿದ್ದೆ. ಸಂಕ್ರಾಂತಿಯ ಬೆಳಿಗ್ಗೆ ಮನಸ್ಸು ತಡೆಯದೆ ಬಂದು ನೋಡಿದೆ. ಕವರುಗಳೆಲ್ಲ ಬಿಚ್ಚಿವೆ. ತೆನೆಗಳನ್ನೆಲ್ಲ ಯಾರೋ ಹಿಸುಕಿದ್ದಾರೆ. ಒಂದು ತೆನೆಯನ್ನು ಮಾತ್ರ ಕೊಯ್ದುಕೊಂಡು ಹೋಗಿದ್ದಾರೆ.

"ಯಾರು ಬಂದಿದ್ರು?" ಎಂದು ಸೆಕ್ಯೂರಿಟಿಯ ಮೇಲೆ ರೇಗಿದೆ.

"ಯಾರೂ ಬಂದಿಲ್ರಿ. ಓನರಮ್ಮಾರು ಬಂದಿದ್ರು. ಅವರು 'ಯಾರೋ' ಅಲ್ಲಲ್ರಿ, ಜಾಗಾನ ಅವರದು."

ಓಡಿದೆ. ಓನರಮ್ಮ ದೇವರ ಮನೆಯ ಬಾಗಿಲಲ್ಲಿ ಎಳ್ಳುಬೆಲ್ಲದ ತಟ್ಟೆ ಹಿಡಿದು ನಿಂತಿದ್ದರು. ಅವರ ಹಿಂದೆ, ದೇವರ ಮುಂದೆ, ಕುಂಕುಮ ಹಚ್ಚಿಸಿಕೊಂಡು ನನ್ನ ತೆನೆ ಮಲಗಿತ್ತು.

"ಅಮ್ಮಾ, ಅದು..."

"ನಿನ್ ಚಪ್ಪರದ್ದೇ. ನಮ್ಮೊಲ್ದಲ್ಲಿ ಮೊದಲ್ನೇ ತೆನೆ ದೇವ್ರುದು. ಪಿಜಿ ಕಟ್ಟಿದ ಮೇಲೆ ಇಷ್ಟ್ ವರ್ಸ ಮಾರ್ಕೆಟ್ ತೆನೆ ಇಕ್ಕಿ ಇಕ್ಕಿ ಸಾಕಾಗಿತ್ತು. ಆದ್ರೆ ನಿನ್ ಬೆಳೆ ಮೇಲೆ ನಂಗೆ ನಂಬ್ಕೆ ಇಲ್ಲ ಕಣಪ್ಪ. ಒಂದೊಂದೂ ಇಸುಕಿ ನೋಡ್ದೆ, ಎಲ್ಲಾ ಜೊಳ್ಳು! ಇದೊಂದ್ರಲ್ಲಿ ಮಾತ್ರ ಕಾಳಿತ್ತು. ದೇವ್ರಿಗೆ ಜೊಳ್ಳು ಇಕ್ಕಕಾಯ್ತದಾ?"

ಕಾಳಿತ್ತು! ಅವರ ಕಾಲಿಗೆ ಬೀಳಬೇಕೋ, ಜಗಳಕ್ಕೆ ನಿಲ್ಲಬೇಕೋ ತಿಳಿಯಲಿಲ್ಲ. "ಅದು ಬೇಕಮ್ಮ, ಬಿತ್ತಬೇಕು" ಎಂದು ಅಂಗಲಾಚಿದೆ.

"ಪೂಜೆ ಆಗೋಯ್ತು, ಇನ್ನದು ಪ್ರಸಾದ." ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಸಿಕ್ಕ ನಾಲ್ಕು ಕಾಳನ್ನು ಎಳ್ಳುಬೆಲ್ಲದ ಜೊತೆ ನನ್ನ ಕೈಗೆ ಹಾಕಿದರು. ಜೇಬಿಗೆ ಕೈ ಹೋಯಿತು.

"ಏಯ್! ಪ್ರಸಾದ ಜೇಬಿಗೆ ಆಕ್ಕೋತಾರಾ? ತಿನ್ನು. ತಿನ್ನಲ್ಲ ಅಂದ್ರೆ ಕೊಡಿಲ್ಲಿ, ಅಸೀಗೆ ಆಕ್ತೀನಿ."

ಹಸು ಹಿತ್ತಲಿನಿಂದ ಇತ್ತಲೇ ನೋಡುತ್ತಿತ್ತು. ಬೇರೆ ದಾರಿ ಕಾಣದೆ ಎಲ್ಲವನ್ನೂ ಬಾಯಿಗೆ ಹಾಕಿಕೊಂಡೆ. ಎಳ್ಳು, ಬೆಲ್ಲ, ಕೊಬ್ಬರಿಯನ್ನು ಒಂದು ದವಡೆಯಲ್ಲಿ ಜೋಪಾನವಾಗಿ ಅಗಿದು ನುಂಗಿ, ಕಾಳುಗಳನ್ನು ನಾಲಿಗೆಯಡಿ ಅಡಗಿಸಿಕೊಂಡೆ. ಅವರು ನನ್ನ ಗಂಟಲನ್ನೇ ನೋಡುತ್ತಾ ನಿಂತಿದ್ದರು. ಗಂಟಲು ಆಡಿದ ಮೇಲೆ ಬಿಟ್ಟರು. ಕೈಮುಗಿದು ಓಟ ಕಿತ್ತೆ.

ಗೇಟಿನಲ್ಲಿ ಲಾಠಿ ಅಡ್ಡ ಬಂತು. "ಬಾಯಾಗ ಏನೈತ್ರಿ ಸರ? ಗುಟ್ಕಾ?"

ಇಲ್ಲವೆಂದು ತಲೆಯಾಡಿಸಿದೆ. ಬಾಯಿ ತೆರೆಯುವ ಧೈರ್ಯವಿಲ್ಲ.

"ಹಂಗಾರ ಮಾತಾಡ್ರಿ ನೋಡೋಣ."

ಅವನನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ. ಅವನು ಲಾಠಿ ಹಿಡಿದು ಲ್ಯಾಬಿನವರೆಗೂ ಬೆನ್ನಟ್ಟಿದ. ಅವನ ಕಣ್ಣೆದುರೇ ಗಾಜಿನ ತಟ್ಟೆಗೆ ಉಗಿದೆ. ನಾಲ್ಕೂ ಕಾಳು ಇದ್ದವು! ಕುರ್ಚಿ ಎಳೆದುಕೊಂಡು ಕುಳಿತು ಇನ್ನೊಮ್ಮೆ ಎಣಿಸಿದೆ.

ಅವನು ತಟ್ಟೆಯನ್ನೂ ನನ್ನನ್ನೂ ನೋಡಿದ. "ಒಯ್ಯೋ ಕಳ್ರನ್ನ ಕಂಡೀನ್ರಿ ಸರ. ಹೊರಗಿಂದ ತಂದು ಒಳಗ ಇಡೋ ಕಳ್ಳನ್ನ ಇವತ್ತ ನೋಡಿದ್ದು."

ಕಾಳುಗಳು ಮೊಳೆತವು. ಚಪ್ಪರ ಉಳಿಯಿತು, ನಾನೂ ಉಳಿದೆ. ಬಿತ್ತುವ ಮುನ್ನ ಬೀಜಕ್ಕೆ ಏನು ಉಪಚಾರ ಮಾಡಿದಿರಿ ಎಂದು ಹೆಡ್ ಆಫೀಸಿನವರು ಕೇಳಿದರು. ಬೆಚ್ಚಗಿನ ನೀರಿನಲ್ಲಿ ನೆನೆಸಿದೆ ಎಂದೆ. ಸೆಕ್ಯೂರಿಟಿಯವನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಹೊರಗೆ ಹೋಗುವಾಗ ಡಬ್ಬಿ ತೆಗೆಸಿ ನೋಡುತ್ತಿದ್ದವನು, ಈಗ ಒಳಗೆ ಬರುವಾಗ ಬಾಯಿಯನ್ನೂ ತೆಗೆಸಿ ನೋಡುತ್ತಾನೆ.