ನಲ್ಲಿಯ ಮೂಗುತಿ

ಹೆಂಡತಿಯನ್ನು ಹೊಗಳಿ ಬರೆಯುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಅನುಮಾನ. ಈ ಮಹಾನುಭಾವರು ಮನೆಯಲ್ಲಿ ಏನೋ ಕಿತಾಪತಿ ಮಾಡಿರಬೇಕು, ಅದು ಇನ್ನೂ ರಾಜಿಯಾಗಿಲ್ಲ ಎಂದುಕೊಳ್ಳುತ್ತೇನೆ. ಈಗ ನಾನೇ ನನ್ನಾಕೆ ವಸುಧಾಳ ಗುಣಗಾನಕ್ಕೆ ಕುಳಿತಿದ್ದೇನೆ. ನೀವು ಏನು ಬೇಕಾದರೂ ಎಂದುಕೊಳ್ಳಿ, ನಾನು ಒಡೆದುಹಾಕಿದ್ದು ಏನೂ ಇಲ್ಲ. ತುಂಬಿಸಿದ್ದು ಮಾತ್ರ ಉಂಟು, ಅದು ಮುಂದೆ ಬರುತ್ತದೆ.

ನಾವಿರುವುದು ಅಮೆರಿಕದ ಹಿಕ್ಸ್‌ವಿಲ್‌ನಲ್ಲಿ, ಒಂದು ಮನೆಯ ಮಹಡಿಯ ಮೇಲೆ. ಕೆಳಗೆ ಮನೆಯ ಮಾಲೀಕರು, ಡಿಸೋಜಾ ಅಂಕಲ್. ಉಡುಪಿ ಕಡೆಯವರು. ಬಹಳ ಕಾಲ ಹೋಟೆಲು ನಡೆಸಿ ಈಗ ಒಬ್ಬರೇ ಆರಾಮವಾಗಿದ್ದಾರೆ. ಬೆಣ್ಣೆಯಂಥ ಮನುಷ್ಯ, ಆದರೆ ಪೈಪಿನ ಮಾತು ಬಂದರೆ ಕಲ್ಲು. ನಮಗಿಂತ ಮೊದಲು ಇದ್ದವನು ಬಟ್ಟೆ ಒಗೆಯುವ ಯಂತ್ರವನ್ನು ತಾನೇ ಜೋಡಿಸಲು ಹೋಗಿ ಅಂಕಲ್ ಹಾಸಿಗೆಯ ಮೇಲೆ ಮಳೆ ಸುರಿಸಿದ್ದನಂತೆ. ಹಾಗಾಗಿ ಲೀಸ್‌ಗೆ ಸಹಿ ಹಾಕುವ ದಿನವೇ ಹೇಳಿದ್ದರು: "ಮೊಳೆ ಹೊಡೀರಿ, ಬಣ್ಣ ಬಳೀರಿ, ಅಡ್ಡಿಲ್ಲ. ಪೈಪಿಗೆ ಮಾತ್ರ ಕೈ ಹಾಕ್ಬೇಡಿ ಮಾರಾಯ್ರೆ. ಹಾಕಿದ್ರೆ ಮುಂದಿನ ವರ್ಷಕ್ಕೆ ಲೀಸ್ ಇಲ್ಲ." ಲೀಸ್ ಇಲ್ಲವೆಂದರೆ ನಮಗೆ ಬಹಳ ಕಷ್ಟ. ನನಗೆ ರೈಲು ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ, ವಸುಧಾಳಿಗೆ ಇಂಡಿಯನ್ ಅಂಗಡಿ ಹತ್ತಿರ. ಎಲ್ಲಕ್ಕಿಂತ ಹೆಚ್ಚಾಗಿ, ಊರೂರು ಬದಲಿಸಿ ಬೇಸತ್ತಿದ್ದ ಮಗಳು ಅದಿತಿಗೆ ಇಲ್ಲಿನ ಶಾಲೆಯಲ್ಲಿ ಈಗಷ್ಟೇ ಗೆಳತಿಯರು ಸಿಕ್ಕಿದ್ದಾರೆ. ಇನ್ನೊಮ್ಮೆ ಮನೆ ಬದಲಿಸೋಣ ಎಂದು ಅವಳಿಗೆ ಹೇಳುವ ಧೈರ್ಯ ನನಗಿಲ್ಲ.

ಇಂಥ ಮನೆಗೆ ಮೀನುಗಳು ಬಂದವು. ಟೆಕ್ಸಸ್‌ಗೆ ವರ್ಗವಾದ ನನ್ನ ಸಹೋದ್ಯೋಗಿಯೊಬ್ಬ ತನ್ನ ಅಕ್ವೇರಿಯಮ್ಮನ್ನು ನಮ್ಮ ಮನೆಯಲ್ಲಿ ಇಳಿಸಿ, ಕೈ ಮುಗಿದು ಹೋದ. ಡಿಸ್ಕಸ್ ಎಂಬ ಜಾತಿ. ನಿಪ್ಪಟ್ಟಿನ ಹಾಗೆ ದುಂಡಗೆ, ಚಪ್ಪಟೆ. ಸ್ವಭಾವ ಮಾತ್ರ ಮದುವೆಮನೆಗೆ ಬಂದ ಗಂಡಿನ ಕಡೆಯವರದು. ಇಲ್ಲಿನ ನಲ್ಲಿ ನೀರು ಕುಡಿದು ನಾವು ಗುಂಡುಕಲ್ಲಿನಂತಿದ್ದೇವೆ, ಇವಕ್ಕೆ ಆ ನೀರು ಆಗಿಬರಲಿಲ್ಲ. ವಾರ ಕಳೆಯುವುದರೊಳಗೆ ಬಣ್ಣ ಕಳೆದುಕೊಂಡು ಮೂಲೆ ಹಿಡಿದವು. ಅದಿತಿ ಗಾಜಿಗೆ ಮುಖವಿಟ್ಟು "ಮಾಮ್, ದೇ ಆರ್ ಡೈಯಿಂಗ್" ಎಂದಳು. ವಸುಧಾ ಎರಡು ದಿನ ಓದಿ, ವಿಚಾರಿಸಿ, ಅಕ್ವೇರಿಯಮ್ಮಿಗೆಂದೇ ಮಾಡಿದ ಒಂದು ವಾಟರ್ ಫಿಲ್ಟರ್ ತರಿಸಿದಳು. ಮೂರು ಬಿಳಿಯ ಡಬ್ಬಿ, ಅವುಗಳಿಂದ ಹೊರಟ ಬಣ್ಣಬಣ್ಣದ ಕೊಳವೆಗಳು. ಅದನ್ನು ಜೋಡಿಸಬೇಕಾದರೆ ಸಿಂಕಿನ ಕೆಳಗಿನ ಪೈಪಿಗೆ ಒಂದು ತೂತು ಕೊರೆಯಬೇಕು.

ನಾನು ಮೆಕ್ಯಾನಿಕಲ್ ಎಂಜಿನಿಯರು. ಓದು ಮುಗಿದ ಮೇಲೆ ಒಂದು ಬೋಲ್ಟನ್ನೂ ಮುಟ್ಟಿಲ್ಲ ಎನ್ನುವುದು ಬೇರೆ ಮಾತು. "ಸಣ್ಣ ತೂತು ಅಷ್ಟೇ, ಅಂಕಲ್‌ಗೆ ಹೇಗೆ ಗೊತ್ತಾಗುತ್ತೆ?" ಎಂದೆ. ಸಂಸ್ಕೃತ ಎಂ.ಎ. ಮಾಡಿರುವ ನನ್ನ ಹೆಂಡತಿ ನನ್ನನ್ನೊಮ್ಮೆ ನೋಡಿ, "ಸಣ್ಣ ತೂತು ಅಂತ ಇರೋದಿಲ್ಲ ರೀ. ತೂತು ಅಂದ್ರೆ ತೂತೇ. ನಾಳೆ ಈ ಮನೆ ಬಿಟ್ಟು ಹೋದ್ರೆ, ಇಲ್ಲೊಂದು ಫಿಲ್ಟರ್ ಇತ್ತು ಅಂತಾನೂ ಗೊತ್ತಾಗಬಾರ್ದು, ಹಾಗೆ ಹಾಕ್ಬೇಕು" ಎಂದಳು. ಆಮೇಲೆ ಸಿಂಕಿನ ಮೇಲಿನ ನಲ್ಲಿಯನ್ನು ಬಹಳ ಹೊತ್ತು ನೋಡುತ್ತ ನಿಂತಳು. ನಿಂತವಳು ಅದರ ಮೂತಿಗಿದ್ದ ಸಣ್ಣ ಜಾಲರಿಯನ್ನು ಬೆರಳಲ್ಲೇ ತಿರುಗಿಸಿ ಬಿಚ್ಚಿದಳು. ಅಂಗಡಿಯಿಂದ ಒಂದು ಹಿತ್ತಾಳೆಯ ಜೋಡಣೆ ತಂದು ಅಲ್ಲಿ ಕೂರಿಸಿದಳು. ಅದರ ಪಕ್ಕದಲ್ಲಿ ಪುಟ್ಟ ಗುಂಡಿ. ಎಳೆದರೆ ನೀರು ಫಿಲ್ಟರಿಗೆ, ಒತ್ತಿದರೆ ಸಿಂಕಿಗೆ. "ಪೈಪು ಮುಟ್ಟಿಲ್ಲ. ನಲ್ಲಿಗೊಂದು ಮೂಗುತಿ ಹಾಕಿದೀನಿ, ಬೇಡ ಅಂದ ದಿನ ತೆಗೆದ್ರಾಯ್ತು" ಎಂದಳು. ಮೊದಲ ಸಲ ಹನಿಯಿತು. ರಬ್ಬರ್ ಬಳೆಯನ್ನು ತೆಗೆದು, ಒರೆಸಿ, ಮಗ್ಗುಲು ಬದಲಿಸಿ ಕೂರಿಸಿದಳು. ಟಿಶ್ಯೂ ಕಾಗದ ಸುತ್ತಿ, ನೀರು ಬಿಟ್ಟು, ಒಂದು ಕಾಫಿ ಕುಡಿಯುವಷ್ಟು ಹೊತ್ತು ಕಾದಳು. ಕಾಗದ ಗರಿಗರಿಯಾಗಿಯೇ ಇತ್ತು. ಟಾರ್ಚ್ ಹಿಡಿದು ನಿಂತಿದ್ದ ನನಗೆ ನಿಜವಾಗಿಯೂ ಚಪ್ಪಾಳೆ ತಟ್ಟಬೇಕೆನಿಸಿತು.

ಮೀನುಗಳು ಚೇತರಿಸಿಕೊಂಡವು. ನಿಪ್ಪಟ್ಟುಗಳಿಗೆ ಮತ್ತೆ ಕೆಂಪು ಏರಿತು. ಕಥೆ ಅಲ್ಲಿಗೇ ಮುಗಿಯಬೇಕಿತ್ತು, ನನ್ನಿಂದಾಗಿ ಮುಗಿಯಲಿಲ್ಲ. ಈ ಫಿಲ್ಟರಿಗೆ ಒಂದು ಚಾಳಿಯಿದೆ. ಒಂದು ಕೊಡ ಶುದ್ಧ ನೀರು ಕೊಡಬೇಕಾದರೆ ಮೂರು ಕೊಡ ನೀರನ್ನು ಬೇಡವೆಂದು ಇನ್ನೊಂದು ಕೊಳವೆಯಿಂದ ಸಿಂಕಿಗೆ ಚೆಲ್ಲುತ್ತದೆ. ನಾನು ಬೆಂಗಳೂರಿನ ದಿನಬಿಟ್ಟು ದಿನ ನೀರು ಬರುವ ಬಡಾವಣೆಯಲ್ಲಿ ಬೆಳೆದವನು. "ನೀರು ಬಂತು" ಎಂಬ ಕೂಗು ಕೇಳಿದರೆ ಊಟದ ಎಲೆ ಬಿಟ್ಟು ಓಡಿದ ವಂಶ ನಮ್ಮದು. ಅಕ್ಕಿ ತೊಳೆದ ನೀರಿಗೂ ನಮ್ಮಮ್ಮ ಒಂದು ಕೆಲಸ ಹಚ್ಚುತ್ತಿದ್ದಳು. ಕಣ್ಣೆದುರು ಅಷ್ಟು ನೀರು ಹರಿದುಹೋಗುವಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ವಸುಧಾ "ಬಿಡಿ, ಹೋಗ್ಲಿ" ಅನ್ನುತ್ತಲೇ ಇದ್ದಳು.

ಒಂದು ಭಾನುವಾರ ತಾಯಿ ಮಗಳು ಲೈಬ್ರರಿಗೆ ಹೋಗಿದ್ದರು. ನಾನು ಗುಂಡಿ ಎಳೆದು ನೀರು ಬಿಟ್ಟು, ಬೇಡದ ನೀರಿನ ಕೊಳವೆಯನ್ನು ಸಿಂಕಿನಿಂದ ಎತ್ತಿ ನೆಲದ ಮೇಲಿನ ಬಕೆಟ್ಟಿಗೆ ಇಳಿಬಿಟ್ಟೆ. ಬಕೆಟ್ಟು ತುಂಬುವ ತನಕ ಎಂದು ಸೋಫಾದ ಮೇಲೆ ಒರಗಿದೆ. ಎಚ್ಚರವಾದದ್ದು ಯಾರೋ ಬಾಗಿಲು ಬಡಿದಾಗ. ತೆರೆದರೆ ಡಿಸೋಜಾ ಅಂಕಲ್, ಕೈಯಲ್ಲಿ ಸೌಟು.

"ಎಂತ ಮಾಡಿದ್ದು ಮಾರಾಯ್ರೆ? ನನ್ನ ಮೀನು ಸಾರಿಗೆ ಮೇಲಿಂದ ನೀರು ಬೀಳ್ತಾ ಉಂಟು."

ನಮ್ಮ ಮೀನುಗಳು ಬೇಡವೆಂದ ನೀರು ಅವರ ಮೀನಿಗೆ ಸೇರಿತ್ತು. ನೇರ ಅಡುಗೆಮನೆಗೆ ನುಗ್ಗಿದ ಅಂಕಲ್ ಕಣ್ಣಿಗೆ ಮೊದಲು ಬಿದ್ದದ್ದು ನಲ್ಲಿಯ ಮೂಗುತಿ. ಅವರ ಮುಖ ಗಂಟಿಕ್ಕಿತು. "ಪೈಪಿಗೆ ಕೈ ಹಾಕಿದ್ರಿ, ಅಲ್ವಾ?" ಎಂದರು. ಲೀಸ್, ಶಾಲೆ, ಅದಿತಿಯ ಮುಖ ಎಲ್ಲವೂ ಒಟ್ಟಿಗೆ ನನ್ನ ಕಣ್ಣಮುಂದೆ ಬಂದವು. ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಹೇಳಬೇಕೋ ಅದನ್ನು ನಾನು ಹೇಳಲಿಲ್ಲ. "ನಾನಲ್ಲ ಅಂಕಲ್, ಅವಳು" ಎಂದುಬಿಟ್ಟೆ. ಬಾಗಿಲಲ್ಲಿ ಮಗಳ ಜೊತೆ ಅವಳು ನಿಂತಿದ್ದಳು.

ವಸುಧಾ ಜಗಳವಾಡಲಿಲ್ಲ. ಪುಸ್ತಕದ ಚೀಲ ಕೆಳಗಿಟ್ಟು, ಒಂದು ಟಿಶ್ಯೂ ಹರಿದು ಜೋಡಣೆಗೆ ಸುತ್ತಿದಳು. "ಮುಟ್ಟಿ ನೋಡಿ ಅಂಕಲ್." ಅಂಕಲ್ ಮುಟ್ಟಿದರು. ಚೂರೂ ತೇವವಿಲ್ಲ. ಅವಳು ನೀರು ನಿಲ್ಲಿಸಿ, ಮೂಗುತಿಯನ್ನು ಬೆರಳಲ್ಲೇ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿ, ಹಳೆಯ ಜಾಲರಿ ಹಾಕಿ, ಅದನ್ನೂ ತೆಗೆದು, ಮತ್ತೆ ಮೂಗುತಿ ಕೂರಿಸಿದಳು. ಅಂಕಲ್ ನೆಲದ ಮೇಲಿನ ನೀರಿನ ಜಾಡು ಹಿಡಿದು ಬಗ್ಗಿ ನಡೆದರು. ಜಾಡು ಬಕೆಟ್ಟಿನ ಹತ್ತಿರ ನಿಂತಿತು. ಎಲ್ಲರೂ ಬಕೆಟ್ಟನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಡ್ಯಾಡ್, ಅದನ್ನ ವೇಸ್ಟ್ ವಾಟರ್ ಅಂತಾನೇ ಕರೆಯೋದು" ಎಂದಳು ಅದಿತಿ. ಎಂದೂ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ, ನನಗೆ ಸರಿಯಾಗಿ ಅರ್ಥವಾಗಲಿ ಎಂದೇ ಕನ್ನಡದಲ್ಲಿ ಹೇಳಿದಳು.

ಅಂಕಲ್ ಸ್ವಲ್ಪ ಹೊತ್ತು ಮೀನುಗಳನ್ನು ನೋಡಿ "ಲಾಯ್ಕ ಉಂಟು" ಎಂದು ಮೆಚ್ಚಿದರು. ವಸುಧಾಳ ಕಡೆ ತಿರುಗಿ, "ನಮ್ಮ ಕೆಳಗಿನ ನಲ್ಲಿ ಸಹ ತೊಟ್ಟಿಕ್ತದೆ, ಒಮ್ಮೆ ನೋಡ್ತೀರಾ?" ಎಂದು ಕೇಳಿದರು. ಹೋಗುವಾಗ ನನಗೆ ಹೇಳಿದ್ದು ಇಷ್ಟು: "ಲೀಸ್ ಮುಂದಿನ ವರ್ಷಕ್ಕೂ ಉಂಟು. ಪೈಪಿಗೆ ಬೇಕಾದ್ರೆ ಅವರು ಕೈ ಹಾಕ್ಲಿ. ನೀವು ಬಕೆಟ್ಟಿಗೆ ಕೈ ಹಾಕ್ಬೇಡಿ."

ಬಣ್ಣ ಬಳಿಯಲು ಅಡ್ಡಿಯಿಲ್ಲ ಎಂದು ಅವರು ಮೊದಲೇ ಹೇಳಿದ್ದರಲ್ಲ. ಮುಂದಿನ ಶನಿವಾರ ನಾನು ಏಣಿ ಹತ್ತಿ ಅವರ ಅಡುಗೆಮನೆಯ ಸೀಲಿಂಗಿನ ಕಲೆಗೆ ಬಿಳಿ ಬಣ್ಣ ಬಳಿದೆ. ಕೆಳಗೆ ವಸುಧಾ ಅವರ ನಲ್ಲಿಯನ್ನು ಬಿಚ್ಚಿ, ಒರೆಸಿ, ಜೋಡಿಸಿ, ಟಿಶ್ಯೂ ಸುತ್ತಿ ಕಾಯುತ್ತಿದ್ದಳು. ಎಂಥ ಕೈ ಇವಳದು ಎಂದು ಮೆಚ್ಚಿ ನೋಡುತ್ತ ಮೈಮರೆತೆ. ಅವಳ ನಲ್ಲಿಯಿಂದ ಒಂದು ಹನಿಯೂ ಬೀಳಲಿಲ್ಲ. ನನ್ನ ಕುಂಚದಿಂದ ಬಿದ್ದವು, ಅವಳ ತಲೆಯ ಮೇಲೆ. ಈ ಪ್ರಬಂಧ ಬರೆಯಲು ಕುಳಿತದ್ದು ಅದಾದ ಮೇಲೆಯೇ.