ಐವತ್ತೆರಡು ದಿನದ ತಿರಕಪ್ಪ

"ನಾ ರೊಕ್ಕಾ ಮುಳುಗಸಾಂವ ಅಂತ ಯಾವ ಭಾಡ್ಯಾ ಹೇಳ್ಯಾನ? ಕರೀರಿ ಅವನ್ನ ಇಲ್ಲೆ, ಎದುರಿಗೇ ಮಾತಾಡೂಣು!"

"ಯಾರೂ ಹೇಳಿಲ್ರಿ. ರಿಪೋರ್ಟ್ ಹೇಳೈತಿ. ಸ್ವಲ್ಪ ಮೆಲ್ಲಕ ಮಾತಾಡ್ರಿ."

"ರಿಪೋರ್ಟಿಗೆ ಬಾಯಿ ಐತೇನ್ರಿ? ನಾಕ ಮಂದ್ಯಾಗ ಬಂದು ಹೇಳ್ಲಿ!"

ರಾಣೆಬೆನ್ನೂರಿನ ಮಸಾಲೆ ಕಂಪನಿಯ ಆಫೀಸಿನಲ್ಲಿ ಬ್ಯಾಡಗಿಯ ತಿರಕಪ್ಪ ಮೇಜು ಗುದ್ದುತ್ತಿದ್ದ. ಖರೀದಿ ನೋಡಿಕೊಳ್ಳುವ ಸುಚಿತ್ರಾ ಮೇಡಂ ತಮ್ಮ ನೀರಿನ ಬಾಟಲಿ ಉರುಳದಂತೆ ಹಿಡಿದುಕೊಂಡು ಕುಳಿತಿದ್ದರು. ತಿರಕಪ್ಪನದು ಖಾರ ಕುಟ್ಟುವ ಗಿರಣಿ. ಸುಗ್ಗಿಯ ನಾಲ್ಕು ತಿಂಗಳು ಗಿರಣಿ ಗುಡುಗುತ್ತದೆ, ಉಳಿದ ಎಂಟು ತಿಂಗಳು ಅದರೊಳಗೆ ಇಲಿಗಳು ಸಂಸಾರ ಹೂಡುತ್ತವೆ. ವರ್ಷವಿಡೀ ಕುಟ್ಟಲು ಮೆಣಸಿನಕಾಯಿ ಕೊಡುತ್ತೇವೆ ಎಂದಿತ್ತು ಈ ಕಂಪನಿ. ಆ ಗುತ್ತಿಗೆ ಸಿಕ್ಕರೆ ಗಿರಣಿ ಉಳಿಯುತ್ತದೆ. ಸಿಗದಿದ್ದರೆ ಮಷಿನ್ನು ಮಾರುವುದೇ ಗತಿ.

"ಹತ್ತು ಟನ್ ಮಾಲು ನಿಮ್ಮ ಅಂಗಳಕ್ಕ ಇಳಸ್ಬೇಕಂದ್ರ ನೀವ ಎಂಥವರು ಅಂತ ನೋಡಬೇಕಲ್ರಿ," ಎಂದರು ಮೇಡಂ. "ಅದಕ್ಕಂತನ ಒಂದು ಏಜೆನ್ಸಿ ಐತಿ. ನೀವು ಯಾರ ಕಡೆ ಮಾಲು ತಗೋತೀರಿ, ಎಷ್ಟು ದಿನಕ್ಕ ರೊಕ್ಕಾ ಕೊಡ್ತೀರಿ, ಜಿಎಸ್‌ಟಿ ಯಾವಾಗ ತುಂಬ್ತೀರಿ, ಕೋರ್ಟಿನ್ಯಾಗ ಕೇಸ್ ಅದಾವೇನು, ಎಲ್ಲಾ ಕೂಡಿಸಿ ನಂಬರ್ ಕೊಡತೈತಿ. ನಿಮ್ಮದು ಒಂದ ಕಡೆ ಕೆಂಪ ಬಂದೈತಿ. ಬ್ಯಾಡಗಿ ಚೀಲದ ವ್ಯಾಪಾರಿಗೆ ಮೂವತ್ತು ದಿನಕ್ಕ ಕೊಡೂ ರೊಕ್ಕಾ ಐವತ್ತೆರಡು ದಿನಕ್ಕ ಕೊಡಾಕತ್ತೀರಿ. ಪ್ರತಿ ಸಲ! ಸಂಜಿ ಐದರೊಳಗ ಬಗಿಹರಿಸಿಕೊಂಡು ಬರ್ರಿ. ಇಲ್ಲಂದ್ರ ಹಾವೇರಿ ಗಿರಣಿಯವ್ರಿಗೆ ಕೊಡ್ತೇವಿ."

ತಿರಕಪ್ಪ ಕಾದ ಹಂಚಿಗೆ ಬಿದ್ದ ಒಣ ಮೆಣಸಿನಕಾಯಿಯಂತೆ ಘಾಟು ಏರಿ ಬಸ್ ಹತ್ತಿದ. ಚೀಲದ ವ್ಯಾಪಾರಿ ಎಂದರೆ ಶಮಶೇರಸಾಬ, ಹದಿನೆಂಟು ವರ್ಷದ ಗೆಳೆಯ. ಅವನೇ ಹೀಗೆ ಚಾಡಿ ಬರೆದನೆ?

ಬಸ್ಸಿನಲ್ಲಿ ಗಿರಣಿಯ ಪಕ್ಕದ ಸೈಕಲ್ ಅಂಗಡಿಯ ಫಕ್ಕೀರೇಶ ಸಿಕ್ಕ. "ಯಾಕೋ ಅಣ್ಣಾ, ಮಾರಿ ಹಿಂಗ್ಯಾಕಾಗೈತಿ?" ಎಂದು ಕೆದಕಿ ಕೆದಕಿ ಎಲ್ಲ ಕೇಳಿಕೊಂಡ. "ನನ್ನ ಹೊಟ್ಟ್ಯಾಗ ಇಟ್ಕೋತೇನಿ, ಚಿಂತಿ ಬಿಡು" ಎಂದ. ಹಿಂದಿನ ಸೀಟಿಗೆ ಹೋಗಿ ಕುಳಿತು, ಮೋಟೆಬೆನ್ನೂರು ದಾಟುವುದರೊಳಗೆ ಆರು ಮಂದಿಗೆ ಫೋನ್ ಮಾಡಿ ಮುಗಿಸಿದ್ದ.

ತಿರಕಪ್ಪ ಗಿರಣಿಗೆ ಬಂದರೆ ಬಾಗಿಲಲ್ಲಿ ಜಾತ್ರೆಯಷ್ಟು ಮಂದಿ. ಎಲ್ಲರಿಗಿಂತ ಮುಂದೆ ಖಾಲಿ ಡಬ್ಬಿ ಹಿಡಿದ ಉಡಚವ್ವ.

"ನನ್ನ ಎಂಟು ಕಿಲೋ ಕಾಯಿ ತಿರುಗಿ ಕೊಡಪಾ. ನೀ ದಿವಾಳಿ ಎದ್ದೀ ಅಂತ."

"ಯವ್ವಾ, ಅರ್ಧಾ ಕುಟ್ಟಿ ಆಗೇತಿ!"

"ಅರ್ಧಾ ಕುಟ್ಟಿದ್ದನ್ನ ಕೊಡು. ಪೂರಾ ಮುಳುಗೂದಕ್ಕಿಂತ ಅರ್ಧಾ ಕುಟ್ಟಿದ್ದು ಪಾಡ."

ಹದಿನಾಲ್ಕು ಮಂದಿಯ ಕಾಯಿ, ಪುಡಿ, ಅರೆಪುಡಿ ತೂಗಿ ಕೊಡುವಷ್ಟರಲ್ಲಿ ಮಧ್ಯಾಹ್ನ ಎರಡಾಯಿತು. ಮೈತುಂಬ ಖಾರ, ಹೊಟ್ಟೆತುಂಬ ಸಿಟ್ಟು. ಹಾಗೇ ಚೀಲದ ಅಂಗಡಿಗೆ ನುಗ್ಗಿದ.

"ಸಾಬ್ರ, ನನ್ನ ಮಾನಾ ಕಳದ್ರಲ್ಲ! ನಾ ರೊಕ್ಕಾ ಕೊಡೂದಿಲ್ಲ ಅಂತ ಬರಿಸೀರೇನು?"

ಶಮಶೇರಸಾಬ ಬಾಯಿ ತೆರೆದ. "ಹದಿನೆಂಟ ವರ್ಷದಾಗ ನಾ ನಿನ್ನ ರೊಕ್ಕಾ ಕೇಳೇನೇನಲೇ?"

"ಕೇಳಿಲ್ಲ, ಅದಕ್ಕ ಆಗೇತಿ ಅನಾಹುತ! ತಿಂಗಳ ತುಂಬಿದ ದಿನಾನ ನಾ ನೋಟ ಹಿಡಕೊಂಡ ಬರ್ತೇನಿ. ನೀವು ಅದನ್ನ ನನ್ನ ಕಿಸೇಕ್ಕ ತುರುಕಿ, ಏನ್ ಅವಸರ, ಮೊದ್ಲ ಚಹಾ ಕುಡಿ ಅಂತೀರಿ!"

"ಮತ್ತ? ಬಂದ ಕೂಡ್ಲೆ ಕೈಯೊಡ್ಡಿ ಇಸ್ಕೊಳ್ಳಾಕ ನಾ ಏನ್ ಟೋಲ್ ನಾಕಾದಾಂವೇನು?"

ಅದು ಅವರಿಬ್ಬರ ರೀತಿ. ಕೊಡುವವನು ವಾರಕ್ಕೊಮ್ಮೆ ಬಂದು ಒತ್ತಾಯ ಮಾಡಬೇಕು, ಇಸಿದುಕೊಳ್ಳುವವನು ಮೂರು ಸಲ ಬೇಡವೆನ್ನಬೇಕು, ನಾಲ್ಕನೆಯ ಸಲ ಮುಖ ತಿರುಗಿಸಿಕೊಂಡು ಗಲ್ಲಾದೊಳಗೆ ಹಾಕಬೇಕು. ಮರ್ಯಾದಸ್ಥರ ವ್ಯವಹಾರ.

ಮೂಲೆಯಲ್ಲಿ ಕಂಪ್ಯೂಟರಿನ ಮುಂದಿದ್ದ ಲೆಕ್ಕಿಗ ಪ್ರವೀಣಕುಮಾರ ಕೆಮ್ಮಿದ. "ನಾವು ಪ್ರತಿ ತಿಂಗಳಾ ನಮ್ಮ ಖಾತೆ ಏಜೆನ್ಸಿಗೆ ಕಳಸ್ತೇವ್ರಿ. ನಮಗೂ ಬ್ಯಾರೇದವ್ರ ರಿಪೋರ್ಟ್ ಫುಕಟ್ ಸಿಗತಾವು. ಅವ್ರಿಗೆ ರೊಕ್ಕಾ ಜಮಾ ಆದ ತಾರೀಖ ಅಷ್ಟ ಗೊತ್ರಿ. ಚಹಾ ಕುಡಿಸಿದ್ದು ಗೊತ್ತಿಲ್ಲ."

"ಮೂವತ್ತ ದಿನಾ ಅಂತ ನಾ ಯಾವಾಗ ಹೇಳೇನಲೇ?" ಸಾಬ ಗುಡುಗಿದ.

"ನೀವು ಏನೂ ಹೇಳಿಲ್ರಿ. ಖಾಲಿ ಬಿಟ್ರ ಕಂಪ್ಯೂಟರ್ ತಾನ ಮೂವತ್ತು ಅಂತ ಬರಕೋತೈತಿ."

ಇಬ್ಬರೂ ಗೆಳೆಯರು ಕಂಪ್ಯೂಟರನ್ನು ನೋಡಿದ ರೀತಿಗೆ ಪ್ರವೀಣಕುಮಾರ ಅದಕ್ಕೆ ಅಡ್ಡ ನಿಂತ. ಕೊನೆಗೆ ದಾರಿ ಅವನೇ ತೋರಿಸಿದ. ತಿರಕಪ್ಪನಿಗೆ ಅರವತ್ತು ದಿನದ ವಾಯಿದೆ ಇದೆ ಎಂದು ಸಾಬ ಕಾಗದ ಬರೆದುಕೊಟ್ಟರೆ ಆಯಿತು. ಆಗ ಐವತ್ತೆರಡಕ್ಕೆ ಕೊಟ್ಟವನು ಎಂಟು ದಿನ ಮೊದಲೇ ಕೊಟ್ಟಂತೆ! ಸಾಬ ಸಹಿ ಹಾಕಿ ಠಸ್ಸೆ ಒತ್ತಿದ, ಒಂದಲ್ಲ, ನಾಲ್ಕು ಕಡೆ.

ಐದಕ್ಕೆ ಹತ್ತು ನಿಮಿಷ ಇರುವಾಗ ತಿರಕಪ್ಪ ಮತ್ತೆ ರಾಣೆಬೆನ್ನೂರಿನ ಮೇಜಿನ ಮುಂದೆ. ಸುಚಿತ್ರಾ ಮೇಡಂ ಕಾಗದ ಓದಿದರು, ಎಲ್ಲಿಗೋ ಫೋನ್ ಮಾಡಿದರು, ನಕ್ಕರು.

"ಎಲ್ಲಾ ಹಸರ ಆತ್ರಿ. ತಗೋರಿ, ಕರಾರುಪತ್ರ. ಎಂಟೂ ಹಾಳಿಗೆ ಸಹಿ ಮಾಡ್ರಿ."

ತಿರಕಪ್ಪನ ಕಣ್ಣಲ್ಲಿ ನೀರು ಬಂತು. ಏಳು ಹಾಳೆಗೆ ಎದೆಯುಬ್ಬಿಸಿ ಸಹಿ ಮಾಡಿದ. ಎಂಟನೆಯದರಲ್ಲಿ ಅವನ ಹೆಬ್ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಇದೇನ್ರಿ? ಕುಟ್ಟಿದ ಕೂಲಿ ನೂರೈವತ್ತ ದಿನಕ್ಕ?"

"ಹೌದ್ರಿ. ಎಲ್ಲಾರಿಗೂ ಹಂಗ ಕೊಡ್ತೇವಿ."

"ಐದು ತಿಂಗಳಾ! ಕರೆಂಟಿನವ್ರು ಕಾಯ್ತಾರೇನ್ರಿ? ಆಳುಗೋಳ ಹೊಟ್ಟಿ ಕಾಯತೈತೇನ್ರಿ?"

"ನಾವು ಮಾತಿಗೆ ತಪ್ಪೂದಿಲ್ರಿ. ನೂರೈವತ್ತು ಅಂದ್ರ ನೂರಾ ನಲವತ್ತೊಂಬತ್ತಕ್ಕ ಹಾಕ್ತೇವಿ. ಅದಕ್ಕ ಏಜೆನ್ಸಿಯವ್ರು ನಮಗ ನೂರಕ್ಕ ನೂರು ಕೊಟ್ಟಾರ."

"ಶಭಾಷ್! ಬಡವ ಐವತ್ತೆರಡಕ್ಕ ಕೊಟ್ರ ಲಫಂಗ, ನೀವು ಐದು ತಿಂಗಳಾ ಸತಾಯಿಸಿದ್ರ ಸಾವುಕಾರ್ರು!"

"ಸಿಟ್ಟ್ಯಾಕ್ರಿ? ಕಾಗದದಾಗ ಏನ್ ಬರಸ್ತೇವಿ ಅನ್ನೂದರ ಮ್ಯಾಲ ಐತಿ ಎಲ್ಲಾ," ಎಂದರು ಮೇಡಂ ತಣ್ಣಗೆ. "ನೀವೂ ಈಗ ಅದನ್ನ ಮಾಡಿಸ್ಕೊಂಡ ಬಂದೀರಲ್ಲ?"

ತಿರಕಪ್ಪ ಪೆನ್ನು ಕೆಳಗಿಟ್ಟ. ಸಹಿ ಮಾಡಿದ ಏಳೂ ಹಾಳೆಗಳನ್ನು ಜೋಡಿಸಿ, ನಡುವೆ ಹರಿದು, ಮೇಜಿನ ಮೇಲಿಟ್ಟು ಎದ್ದ.

"ಎಲ್ಲಿಗೆ ಹೊಂಟ್ರಿ? ಬ್ಯಾರೆ ಪ್ರತಿ ತಗಸ್ತೇನಿ, ಕುಂದ್ರಿ!"

ಅವನು ಕುಳಿತುಕೊಳ್ಳಲಿಲ್ಲ. ಸಿಟ್ಟು ಇಳಿದ ಮೇಲೆ ಬಂದಾನು, ಎಲ್ಲರೂ ಬರುತ್ತಾರೆ ಎಂದು ಮೇಡಂ ಹೊಸ ಪ್ರತಿ ತೆಗೆಸಿ ಆರೂವರೆಯ ತನಕ ಕಾದರು. ತಿರಕಪ್ಪ ಬರಲಿಲ್ಲ.