ಎಂಟು ಮೂಲೆಯ ನಕ್ಷತ್ರ, ಎಣಿಕೆ ಸೊನ್ನೆಯಿಂದ

ಕಂಪ್ಯೂಟರ್ ಚಿಪ್ಪಿನ ಜೊತೆ ಕೆಲಸ ಮಾಡುವವರಿಗೆ ದಿನಕ್ಕೊಂದು ತಮಾಷೆ ಆಗದಿದ್ದರೆ ಎಲ್ಲೋ ಕರೆಂಟು ಹೋಗಿದೆ ಎಂದೇ ಅರ್ಥ. ಬರೆದು ಅಭ್ಯಾಸವಿಲ್ಲ, ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಮೇಟಗಳ್ಳಿಯ ಒಂದು ಶೆಡ್ಡಿನಲ್ಲಿ ನಮ್ಮ ಮೇಡಂ ಸ್ವಂತ ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪ್ ತೆರೆದಿದ್ದರು. ಕೆಲಸಗಾರ ನಾನೊಬ್ಬನೇ. ಮೊದಲ ಆರ್ಡರ್, ಚರ್ಚಿಗೊಂದು ಕ್ರಿಸ್‌ಮಸ್ ನಕ್ಷತ್ರ. ಎಂಟು ಮೂಲೆ, ಮೂಲೆಗೊಂದು ಬಲ್ಬು. ಕಂಪ್ಯೂಟರಿನಲ್ಲಿ ಒತ್ತಿದ್ದು ತಂತಿಯಲ್ಲಿ ಮೈಕ್ರೊಕಂಟ್ರೋಲರ್ ಎಂಬ ಚಿಪ್ಪಿಗೆ ಹೋಗಬೇಕು, ಅದು ಬಲ್ಬು ಹಚ್ಚಬೇಕು.

ಫಾದರ್ ಮೊದಲೇ ಹೇಳಿದ್ದರು: "ಹಬ್ಬದ ಹಿಂದಿನ ದಿನ ಸಂಜೆ ನೋಡ್ತೀನಿ. ಎಂಟೂ ಉರಿದರೆ ಆರ್ಡರ್ ನಿಮ್ಮದು. ಇಲ್ಲಾಂದ್ರೆ ಸೀರಿಯಲ್ ಸೆಟ್‌ನವರನ್ನ ಕರೆಸ್ತೀನಿ."

ಒಂದು ಒತ್ತಿದರೆ ಮೂರು

1 ಒತ್ತಿದೆ. ಒಂದು ಬಲ್ಬು ಉರಿಯಬೇಕಿತ್ತು, ಮೂರು ಉರಿದವು. "ಮೇಡಂ, ಮೂರು ಪಟ್ಟು ಕೆಲಸ ಮಾಡ್ತಿದೆ!" ಎಂದೆ.

ಮೇಡಂ ನನ್ನ ಪ್ರೋಗ್ರಾಮ್ ನೋಡಲೇ ಇಲ್ಲ. ಬಲ್ಬುಗಳ ಕಡೆ ಒಮ್ಮೆ ನೋಡಿದರು, ಕಾಯಿಲೆ ಗೊತ್ತಾಯಿತು. ಕೀಬೋರ್ಡ್ ಕಳಿಸುವುದು ಒಂದು ಎಂಬ ಬೆಲೆಯನ್ನಲ್ಲ, ಆ ಅಂಕಿಯ ಸಂಕೇತವನ್ನು. ಆ ಸಂಕೇತದಲ್ಲಿ ಮೂರು ಬಿಟ್ ಆನ್ ಆಗಿರುತ್ತವೆ. (ಬಿಟ್ ಎಂದರೆ ಇಲ್ಲಿ ಒಂದೊಂದು ಬಲ್ಬಿನ ಸ್ವಿಚ್ಚು ಎಂದುಕೊಳ್ಳಿ.) ಸಂಕೇತವನ್ನು ಮೊದಲು ಬೆಲೆಯಾಗಿ ಬದಲಿಸಬೇಕಿತ್ತು.

"ತಿಂಡಿ ತನ್ರೀ ಅಂದ್ರೆ ಹೋಟೆಲ್ ಬೋರ್ಡೇ ಕಿತ್ಕೊಂಡ್ ಬಂದಿದ್ದೀರಲ್ರೀ!" ಎಂದರು ಮೇಡಂ.

ಫಾದರ್ ಮತ್ತು ಚಿಕ್ಕಕ್ಷರ

ಬಲ್ಬುಗಳಿಗೆ ನಾವು ಬಳಸಿದ್ದು ಹದಿನಾರರ ಲೆಕ್ಕದ ಹೆಕ್ಸಾಡೆಸಿಮಲ್ ಎಣಿಕೆ. ಅದರಲ್ಲಿ ಒಂಬತ್ತಾದ ಮೇಲೆ A ಇಂದ F ವರೆಗಿನ ಅಕ್ಷರಗಳೇ ಅಂಕಿಗಳು. FF ಎಂದರೆ ಎಂಟೂ ಬಲ್ಬು. ಒಂದು ದಿನ ಶೆಡ್ಡಿಗೆ ಬಂದ ಫಾದರ್ ತಾವೇ ಅದನ್ನು ಒತ್ತಿದರು. ಕತ್ತಲೆ.

"ದೊಡ್ಡಕ್ಷರ ಒತ್ತಬೇಕು ಫಾದರ್, ನೀವು ಚಿಕ್ಕದು ಒತ್ತಿದ್ರಿ" ಎಂದೆ.

"ನಾನು ಗೊಣಗಿದರೂ ದೇವರು ಕೇಳಿಸ್ಕೊಳ್ತಾನಪ್ಪ. ನಿಮ್ಮ ಚಿಪ್ಪಿಗೆ ಮಾತ್ರ ಕೂಗಿ ಹೇಳಬೇಕಾ?"

ದೊಡ್ಡಕ್ಷರಕ್ಕೂ ಚಿಕ್ಕಕ್ಷರಕ್ಕೂ ವ್ಯತ್ಯಾಸ ಒಂದೇ ಬಿಟ್. ಫಾದರ್ ಕಾಫಿ ಮುಗಿಸುವಷ್ಟರಲ್ಲಿ ಮೇಡಂ ಆ ಬಿಟ್ ಅಳಿಸುವ ಸಾಲನ್ನು ಪ್ರೋಗ್ರಾಮಿಗೆ ಸೇರಿಸಿ, "ಈಗ ಗೊಣಗಿ ಫಾದರ್" ಎಂದರು.

ಏಣಿಯ ಮೇಲೆ

ಹಬ್ಬದ ಹಿಂದಿನ ದಿನದ ಸಂಜೆ ಬಂತು. ಚರ್ಚಿನ ಮುಂದೆ ನಕ್ಷತ್ರ ಕಟ್ಟಿ FF ಒತ್ತಿದರೆ ಏಳೇ ಉರಿದವು. ಮೇಡಂ ಒಂದೇ ಬಿಟ್ ಆನ್ ಮಾಡಿ, ಅದನ್ನು ಚೌಕಾಬಾರದ ಕಾಯಿಯಂತೆ ಮನೆಯಿಂದ ಮನೆಗೆ ಸರಿಸತೊಡಗಿದರು. ಹಾಗೆ ಮಾಡಿದರೆ ಬಲ್ಬುಗಳು ಸರದಿಯಂತೆ ಉರಿಯುತ್ತವೆ. ಯಾರ ಸರದಿಯಲ್ಲಿ ಕತ್ತಲೋ ಅದೇ ಕೆಟ್ಟದ್ದು.

"ಅರೆ, ನಕ್ಷತ್ರ ಸುತ್ತುತ್ತಾ ಇದೆ! ಇದನ್ನ ಮಾಡಿ ಅಂತ ನಾನು ಕೇಳೇ ಇರಲಿಲ್ಲ!" ಎಂದರು ಫಾದರ್.

"ಹಬ್ಬ ಅಲ್ವಾ ಫಾದರ್" ಎಂದರು ಮೇಡಂ, ರೆಪ್ಪೆ ಬಡಿಯದೆ. ಆಮೇಲೆ ನಕ್ಷತ್ರ ಕಟ್ಟಿ ಇನ್ನೂ ಏಣಿಯ ಮೇಲೇ ಇದ್ದ ಎಲೆಕ್ಟ್ರಿಷಿಯನ್‌ಗೆ ಮೆಲ್ಲಗೆ, "ಅಣ್ಣ, ಆರನೇದು ಬಿಚ್ಚಿ ನೋಡಿ."

ಅವರು ಬಿಚ್ಚಿದರು. ಈಗ ಎರಡು ಕತ್ತಲೆ.

"ಅಯ್ಯೋ, ಅದು ಐದನೇದು! ನಾವು ಸೊನ್ನೆಯಿಂದ ಎಣಿಸೋದು. ಸೊನ್ನೆ, ಒಂದು, ಎರಡು..."

"ಮೇಡಮ್ಮೋರೇ, ನಿಮಗೆಷ್ಟು ಮಕ್ಳು?"

"ಒಬ್ಬಳೇ ಮಗಳು."

"ಅಂಗಾದ್ರೆ ಆ ಮಗೀನ ಸೊನ್ನೆ ಅಂತೀರಾ?"

ಎಲ್ಲರೂ ನಕ್ಕರು. ಎಲೆಕ್ಟ್ರಿಷಿಯನ್ ಬಿಚ್ಚಿದ್ದನ್ನು ಹಾಕಿ, ಪಕ್ಕದ ಸಡಿಲ ಬಲ್ಬನ್ನು ತಿರುಗಿಸಿದರು. ಎಂಟೂ ಉರಿದವು.

"ಆರ್ಡರ್ ನಿಮ್ಮದೇ. ಆ ಸುತ್ತಾಟವೂ ಇರಲಿ" ಎಂದರು ಫಾದರ್. "ರಾತ್ರಿ ಹಬ್ಬದ ಪ್ರಾರ್ಥನೆಗೆ, ಬಲಿಪೂಜೆಗೆ ಬನ್ನಿ, ಮೊದಲನೇ ಸಾಲಿನಲ್ಲಿ ಕೂತ್ಕೊಳ್ಳಿ." ಎರಡು ಹೆಜ್ಜೆ ಹೋದವರು ಗಾಬರಿಯಿಂದ ತಿರುಗಿದರು:

"ಮೇಡಂ, ಸೊನ್ನೆಯಿಂದ ಎಣಿಸ್ಕೊಂಡು ಸೊನ್ನೆ ಸಾಲಿಗೆ ಬಂದ್ಬಿಡಬೇಡಿ. ಆ ಜಾಗದಲ್ಲಿ ನಾನು ನಿಂತಿರ್ತೀನಿ!"